ಎತ್ತಿನ ರೆಪ್ಪೆ ಬೇರೆ, ಅಪ್ಪನ ರೆಪ್ಪೆ ಬೇರೆ

ಅಪ್ಪಾ,

ಕೊಟ್ಟೂರಿನಿಂದ ಬರುವ ಬಸ್ಸು ಹಿಡಿದು ದಾವಣಗೆರೆಗೆ ಹೋಗುತ್ತಿದ್ದೇನೆ. ಜೋತುಬಿದ್ದ ನಿನ್ನ ರೆಪ್ಪೆಯನ್ನು ಸರಿಮಾಡುವ ಕಣ್ಣಿನ ಡಾಕ್ಟರು ಯಾರು, ಏನು ಓದಿದ್ದಾರೆ, ಇಂಥ ಆಪರೇಷನ್ ಎಷ್ಟು ಮಾಡಿದ್ದಾರೆ ಎಂದು ವಿಚಾರಿಸಿ ಸಂಜೆ ಬರುತ್ತೇನೆ.

ಅಲ್ಲಿಯವರೆಗೆ ದನದ ದವಾಖಾನೆಯ ಕಂಪೌಂಡರ್ ವಾಗೀಶಪ್ಪನ ಹತ್ತಿರ ಹೋಗಬೇಡ. "ನಮ್ಮ ಎತ್ತಿನ ರೆಪ್ಪಿ ಎಷ್ಟ್ ಚೆಂದ ಹೊಲದಾನ ನೋಡವ್ವಾ" ಎಂದು ನಿನ್ನೆಯಿಂದ ಹೇಳುತ್ತಿದ್ದೀಯ. ಚೆಂದವಾಗಿಯೇ ಹೊಲಿದಿದ್ದಾನೆ. ಆದರೆ ಅವತ್ತು ಎತ್ತನ್ನು ಕೆಡವಿ, ನಾಲ್ಕೂ ಕಾಲು ಕಟ್ಟಿ, ಕುತ್ತಿಗೆಯ ಮೇಲೆ ಕೂತವನು ನೀನೇ. ನಿನ್ನ ಕುತ್ತಿಗೆಯ ಮೇಲೆ ಕೂರಲು ಅವ್ವ ಸಿದ್ಧ.

ರೊಟ್ಟಿ ನೆಲುವಿನಲ್ಲಿದೆ. ರೆಪ್ಪೆ ಎತ್ತಿ ಹಣೆಗೆ ಗಮ್‌ಟೇಪು ಅಂಟಿಸಿಕೊಳ್ಳಬೇಡ. ಹುಬ್ಬು ಕಿತ್ತು ಬರುತ್ತದೆ.

ವಾಗೀಶಪ್ಪನ ಸೈಕಲ್ ಕಂಡರೆ ಆ ಎತ್ತು ಇವತ್ತಿಗೂ ಹಗ್ಗ ಹರಿದುಕೊಂಡು ಓಡುತ್ತದೆ. ಅದರಷ್ಟಾದರೂ ಬುದ್ಧಿ ಇಟ್ಟುಕೋ.

ಶಶಿಕಲಾ