ಎರಡು ಬಾಳೆಹಣ್ಣಿನ ಉಪವಾಸ

ಬೆಂಗಳೂರು, 14-8-2007

ಗುಂಡ್ಲುಪೇಟೆಯಲ್ಲಿರುವ ಚಿರಂಜೀವಿ ತಮ್ಮನಿಗೆ ಅಣ್ಣನ ಆಶೀರ್ವಾದ. ಕೋಪದಲ್ಲಿಯೇ ಬರೆಯುತ್ತಿದ್ದೇನೆ.

ಚಾಮರಾಜನಗರದ ಡಾಕ್ಟರು ಅಕ್ಕನನ್ನು ಕಳುಹಿಸಿದ ಈ ಕ್ಯಾನ್ಸರ್ ಸಂಶೋಧನಾಲಯದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವಿದೆ. ಜೀವಕೋಶಗಳು ಏನನ್ನು ಉಂಡು ಏನನ್ನು ಉಳಿಸಿದವೆಂಬುದನ್ನು ತೊಟ್ಟು ರಕ್ತದಲ್ಲಿ, ಅಣುಗಳ ತೂಕದಿಂದಲೇ ಅದು ಕಂಡುಹಿಡಿಯುತ್ತದೆ. ನಿನ್ನೆ ಅಕ್ಕನ ರಕ್ತ ತೆಗೆದರು. ಇಂದು ಅಲ್ಲಿಯ ತರುಣಿಯೊಬ್ಬಳು, "ಈ ಅಜ್ಜಿ ಸುಳ್ಳು ಹೇಳಿದ್ದಾರೆ, ಉಪವಾಸ ಇರಲಿಲ್ಲ" ಎಂದು ಸಂಶೋಧನೆಯ ಪಟ್ಟಿಯಿಂದ ಹೆಸರನ್ನೇ ಹೊಡೆದುಹಾಕಿದಳು. ಅವರಿಗೆ ಬೇಕಾದದ್ದು ಔಷಧಿಗೆ ಮುಂಚಿನ ರಕ್ತ; ಗುರುವಾರ ಔಷಧಿ ಆರಂಭವಾದ ಮೇಲೆ ಬೇಡ. ಅಕ್ಕ ಸುಳ್ಳುಗಾತಿಯೆಂದೇ ದಾಖಲಾಗುವಳು.

ಅಕ್ಕ ಬಿಡಲಿಲ್ಲ. "ಉಪಾಸ್ವೇ ಇದ್ದೆ ಕಣವ್ವ. ಬೆಳಿಗ್ಗೆ ಎಲ್ಡು ಬಾಳೆಅಣ್ಣು, ಒಂದ್ಲೋಟ ಆಲು, ಅಷ್ಟೇಯ. ಅನ್ನ ಮುಟ್ಟಿದ್ರೆ ಕೇಳು" ಎಂದಳು.

ಶ್ರಾವಣ ಸೋಮವಾರದ ಉಪವಾಸಕ್ಕೆ ಹಾಲುಹಣ್ಣು ಸಲ್ಲುತ್ತದೆಂದು ಅರಿಯದವರು ಸೂಚನೆಯ ಕಾಗದದಲ್ಲಿ 'ಉಪವಾಸವಿರತಕ್ಕದ್ದು' ಎಂದೇಕೆ ಅಚ್ಚು ಹಾಕಿಸಬೇಕು? 'ನೀರಿನ ಹೊರತು ಏನನ್ನೂ ಸೇವಿಸಬಾರದು' ಎನ್ನಲು ಏನು ಕಷ್ಟ? ನಮ್ಮ ಮಾತನ್ನು ಎರವಲು ಪಡೆದು ನಮ್ಮನ್ನೇ ಸುಳ್ಳರೆನ್ನುವುದೇ ಎಂದು ಗದರಿದೆ. ಆ ತರುಣಿ ಪೆಚ್ಚಾಗಿ, ನಾಳೆ ರಜೆಯಾದರೂ ಬೆಳಿಗ್ಗೆಯೇ ಬಂದು ಮತ್ತೆ ರಕ್ತ ತೆಗೆಯಲು ಒಪ್ಪಿದಳು.

ಯಂತ್ರಗಳಿಗಾಗಿ ಇಲ್ಲಿ ವಿಪರೀತ ತಂಪು ಮಾಡಿದ್ದಾರೆ. ಈ ಕಡೆಗೆ ಬರುವವರೊಡನೆ ಅಕ್ಕನ ಉಣ್ಣೆಯ ಶಾಲು ಕಳುಹಿಸು.

ಹೊರಗೆ ಬಂದ ಮೇಲೆ ಅಕ್ಕ ನನ್ನ ಮುಖ ನೋಡದೆ, "ಓದ್ದೋನು ಅಂತ ನಿನ್ ಮಾತ ಕೇಳ್ಬುಟ್ಟೆ ಕಣ್ಲಾ" ಎಂದಳು. ಆ ಕಾಗದವನ್ನು ಓದಿ ಅರ್ಥ ಹೇಳಿ, ಹಣ್ಣು ಸುಲಿದು ಕೈಗಿತ್ತವನು ನಾನೇ.

ಅಂಚೆಯ ಹೊತ್ತಾಯಿತು.

ಗುರುಮಲ್ಲಯ್ಯ