ಪರದೆ ತೋರಿಸಿದ ಅಂಕಿ

ಆ-ಚಿಯಾ,

ಅಂಗಡಿಗೆ ಹೊರಟೆ, ನಿನ್ನನ್ನು ಎಬ್ಬಿಸಲಿಲ್ಲ. ಕುಕ್ಕರಿನಲ್ಲಿ ಹಂದಿಮಾಂಸದ ಅನ್ನವಿದೆ, ತಿಂದೇ ಆ ಕಂಪ್ಯೂಟರ್ ವೇಗ ಏರಿಸುವ ಸ್ಪರ್ಧೆಗೆ ಹೋಗು. ಖಾಲಿ ಹೊಟ್ಟೆಯಲ್ಲಿ ಹೋದರೆ ನಿನ್ನಮ್ಮ ನನ್ನ ಜೀವ ಹಿಂಡುತ್ತಾಳೆ.

ನಿನ್ನ ಕಂಪ್ಯೂಟರ್ ಮುಟ್ಟಿದ್ದೇನೆ. ಬೈಯುವ ಮೊದಲು ಪೂರ್ತಿ ಓದು. ನಿನ್ನೆ ಊಟಕ್ಕೆ ಬಂದ ಪಕ್ಕದ ಮಳಿಗೆಯ ಕೋ ಮಾಮ, "ಪ್ರೊಸೆಸರಿಗೆ ಒಂದೂಕಾಲು ವೋಲ್ಟ್ ಇಟ್ಟಿದೀಯ, ಪರದೆ ಕಮ್ಮಿ ತೋರಿಸ್ತಿದೆ. ಮದರ್‌ಬೋರ್ಡೇ ಸರಿಯಿಲ್ಲ, ಇನ್ನಷ್ಟು ಏರ್ಸಮ್ಮ" ಅಂದ. ನಾನೂ ತಲೆಯಾಡಿಸಿದೆ. ನೀನು ಮಾತ್ರ ಜಗ್ಗಲಿಲ್ಲ. "ಏರ್ಸಲ್ಲ ಮಾಮ. ಕೆಲ್ಸದ ಹೊರೆ ಬಿದ್ದಾಗ ವೋಲ್ಟೇಜ್ ಸ್ವಲ್ಪ ಇಳಿಯೋದೇ ಸರಿ. ಈಗ ಏರ್ಸಿದ್ರೆ, ಹೊರೆ ಇಳಿದ ತಕ್ಷಣ ಮೇಲಕ್ಕೆ ಹಾರಿ ಪ್ರೊಸೆಸರ್ ಸುಟ್ಟೋಗತ್ತೆ" ಅಂದೆ.

ಮನಸ್ಸು ತಡೆಯದೆ ಬೆಳಿಗ್ಗೆ ನಾನೇ ಬೋರ್ಡಿಗೆ ಮೀಟರ್ ಹಿಡಿದು ನೋಡಿದೆ. ಹೊರೆ ಹಾಕಿದಾಗ ಇಳಿಯಿತು, ತೆಗೆದಾಗ ಸರಿಯಾಗಿ ಒಂದೂಕಾಲಿಗೆ ಬಂದು ನಿಂತಿತು. ನಮ್ಮ ಮಾತು ಕೇಳಿದ್ದರೆ ಇವತ್ತು ನೀನು ಸುಟ್ಟ ಚಿಪ್ ಹಿಡಿದು ಅಳುತ್ತಿದ್ದೆ. ನೀನಿಟ್ಟ ಒಂದು ಅಂಕಿಯನ್ನೂ ನಾನು ಬದಲಿಸಿಲ್ಲ.

ಬದಲಿಸಿದ್ದು, ಯಂತ್ರ ಹಟ ಮಾಡದಿರಲಿ ಅಂತ ನಮ್ಮವರೆಲ್ಲ ಇಡುವ ಹಾಗೆ ನೀನು ಕಂಪ್ಯೂಟರಿನ ನೆತ್ತಿಯ ಮೇಲಿಟ್ಟಿದ್ದ ಕುರುಕಲು ಪೊಟ್ಟಣವನ್ನು ಮಾತ್ರ. ಅದರ ತಾರೀಖು ಮುಗಿದಿತ್ತಲ್ಲೇ! ಹಳಸಿದ ಪೊಟ್ಟಣ ಇಟ್ಟರೆ ಯಾವ ಯಂತ್ರ ಮಾತು ಕೇಳುತ್ತದೆ? ಹೊಸದಿಟ್ಟಿದ್ದೇನೆ, ಯಂತ್ರದ ದೀಪ ಹಸಿರಾಗೇ ಇರಲಿ ಅಂತ ಹಸಿರು ಬಣ್ಣದ್ದೇ. ಸ್ಪರ್ಧೆ ಮುಗಿಯುವ ತನಕ ಬಾಯಿಗೆ ಹಾಕಬೇಡ.

ನಿನ್ನೆ ನಿನ್ನ ಮಾತಿಗೆ ನಾನು ಬರೀ "ಹ್ಞೂಂ" ಅಂದೆ. ಅದು ಪರದೆ ತೋರಿಸಿದ ಕಮ್ಮಿ ಅಂಕಿ, ಒಳಗಿದ್ದದ್ದು ಅಷ್ಟೇ ಅಲ್ಲ. ಸಂಜೆ ನಮ್ಮ ಅಂಗಡಿ ಸಾಲಿಗೆ ಬಂದು ನೋಡು, ನಿನ್ನ ವಿಷಯ ನನ್ನ ಬಾಯಿಂದ ಕೇಳಿ ಸುಸ್ತಾಗದವರು ಒಬ್ಬರೂ ಸಿಗುವುದಿಲ್ಲ.

ಅಪ್ಪ