ಒಂದು ಸಾಲು ತಿದ್ದಲಾಗದ ಜಾಲತಾಣ

ಇಲಾಖೆಯ ಜಾಲತಾಣದ ಉಸ್ತುವಾರಿ ಹೊತ್ತಿರುವ ಮಾನ್ಯರೇ,

ನಿಮ್ಮ ಜಾಲತಾಣವನ್ನು ನಂಬಿ ನಾನು ಒಂಟಿ ಕಾಲಿನ ಮನುಷ್ಯನೊಬ್ಬನನ್ನು ತಪ್ಪು ಊರಿಗೆ ಕರೆದುಕೊಂಡು ಹೋದೆ. ಆ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಅದರಲ್ಲಿ ತಮ್ಮ ಪಾಲೂ ಇದೆ ಎಂದು ಅರಿಕೆ ಮಾಡಿಕೊಳ್ಳಲು ಈ ಪತ್ರ.

ನಾನು ಕಂದಿಕೆರೆಯಲ್ಲಿ ಬಟ್ಟೆ ಹೊಲಿಯುವವಳು. ನನ್ನ ಅಂಗಡಿಗೆ ರವಿಕೆ ಹೊಲಿಸಲು ಬರುವವರಷ್ಟೇ ಜನ ಮೊಬೈಲಿನಲ್ಲಿ ಸರ್ಕಾರದ ಸುದ್ದಿ ಓದಿಸಿಕೊಳ್ಳಲೂ ಬರುತ್ತಾರೆ. ಹಾಗೆ ಬಂದವರು ಪಕ್ಕದ ಹಟ್ಟಿಯ ಜುಂಜಣ್ಣ ಮತ್ತು ಅವರ ಹೆಂಡತಿ ರಂಗಕ್ಕ. ಕಾಯಿ ಕೀಳಲು ಮರ ಹತ್ತುತ್ತಿದ್ದ ಜುಂಜಣ್ಣ ಹೋದ ವರ್ಷ ಬಿದ್ದು ಎಡಗಾಲು ಕಳೆದುಕೊಂಡರು. ಈಗ ಕೂತಲ್ಲೇ ಕೊಬ್ಬರಿಯ ಚಿಪ್ಪು ಬಿಡಿಸುತ್ತಾರೆ. ಮಗಳು ಭಾಗ್ಯಳ ಮದುವೆ ಗೊತ್ತಾಗಿತ್ತು. ಎದ್ದು ನಿಂತು ಧಾರೆ ಎರೆದುಕೊಡಬೇಕೆಂಬುದು ಅವರ ಆಸೆ. ಕೃತಕ ಕಾಲಿಗೆ ಅಳತೆ ತೆಗೆಯುವ ಶಿಬಿರ ಚಿಕ್ಕನಾಯಕನಹಳ್ಳಿಯಲ್ಲಿದೆ ಎಂದು ನಿಮ್ಮ ಪುಟ ಹೇಳಿತು. ನಾನು ಗಟ್ಟಿಯಾಗಿ ಓದಿ ಹೇಳಿದೆ. ಅಷ್ಟೇ ಅಲ್ಲ, ಜೊತೆಗೂ ಹೊರಟೆ.

ಅಲ್ಲಿ ಶಿಬಿರವೂ ಇರಲಿಲ್ಲ, ಶಾಮಿಯಾನವೂ ಇರಲಿಲ್ಲ. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಒಂದು ಹಾಳೆ ಅಂಟಿಸಿತ್ತು: ಶಿಬಿರ ತಿಪಟೂರಿಗೆ ಬದಲಾಗಿದೆ. ಒಳಗೆ ಕೂತಿದ್ದ ಅನಿತಾ ಎಂಬ ಗುಮಾಸ್ತೆಯ ಮೇಲೆ, ಇದನ್ನು ಮೊಬೈಲಿನಲ್ಲೂ ಹಾಕಬಾರದಿತ್ತೇ ಎಂದು ನಾನು ಜೋರು ಮಾಡಿದೆ. ಆ ಹುಡುಗಿ ತಲೆ ಎತ್ತಲಿಲ್ಲ.

"ನಮಗೆ ಮೊದಲೇ ಗೊತ್ತಿತ್ತು ಕಣಕ್ಕ. ಆ ಪುಟ ಮುಟ್ಟೋಕೆ ನಮಗೆ ಬರಲ್ಲ, ಬಿಡೋದೂ ಇಲ್ಲ. ಮೇಲಿನೋರಿಗೆ ಬರೀಬೇಕು, ಅವರು ಪುಟ ಮಾಡಿದ ಕಂಪನಿಗೆ ಬರೀಬೇಕು. ಬರ್ದು ಬರ್ದು ಸಾಕಾಗಿ ಹಾಳೆ ಅಂಟಿಸ್ದೆ," ಎಂದಳು.

ಹಟ್ಟಿಯಲ್ಲಿ ಕೂತವರು ನಿಮ್ಮ ಬಾಗಿಲಿನ ಹಾಳೆಯನ್ನು ಓದುವುದು ಹೇಗೆ ಸ್ವಾಮಿ?

ಆಟೋ ಮಾಡಿಕೊಂಡು ತಿಪಟೂರು ಸೇರುವ ಹೊತ್ತಿಗೆ ಅಳತೆಯವರು ಪೆಟ್ಟಿಗೆ ಕಟ್ಟಿ ಹೊರಟುಹೋಗಿದ್ದರು. ಮದುವೆಗೆ ಮೊದಲು ಇನ್ನೊಂದು ಶಿಬಿರವಿರಲಿಲ್ಲ. ಜಗುಲಿಯ ಮೇಲೆ ಕೂತ ಜುಂಜಣ್ಣ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಬುಡವ್ವ, ನೀನು ಇದ್ದದ್ದನ್ನೇ ತಾನೆ ಓದಿದ್ದು," ಎಂದರು. ರಂಗಕ್ಕ ಮಾತ್ರ ಊರು ಮುಟ್ಟುವವರೆಗೂ ನನ್ನ ಮುಖ ನೋಡಲಿಲ್ಲ.

ಮದುವೆಯ ದಿನ ಜುಂಜಣ್ಣ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಧಾರೆ ಎರೆದರು. ಅವರ ಕೈಗೆ ಎಟುಕಲೆಂದು ಗಂಡು ಹೆಣ್ಣು ಇಬ್ಬರೂ ಬಗ್ಗಿ ನಿಂತರು. ಭಾಗ್ಯಳ ರವಿಕೆ ಹೊಲಿದವಳು ನಾನೇ. ಆದರೂ ಮುಂದೆ ಹೋಗಿ ಅಕ್ಷತೆ ಹಾಕಲು ನನಗೆ ಮುಖವಿರಲಿಲ್ಲ.

ತಮ್ಮ ಜಾಲತಾಣದ ಚೆಂದಕ್ಕೇನೂ ಕಡಿಮೆಯಿಲ್ಲ. ತಮ್ಮ ನಗುಮುಖದ ಚಿತ್ರ ಬಲದಿಂದ ಎಡಕ್ಕೆ ಸರಿಯುತ್ತದೆ, ಅಕ್ಷರಗಳು ಮಿನುಗುತ್ತವೆ. ಇಷ್ಟೆಲ್ಲ ಸರಿದಾಡಬಲ್ಲ ಪುಟದಲ್ಲಿ ಒಂದು ಊರಿನ ಹೆಸರು ಮಾತ್ರ ಏಕೆ ಅಲುಗುವುದಿಲ್ಲ? ದಿನವಿಡೀ ಕನ್ನಡದಲ್ಲಿ ಕಡತ ಟೈಪ್ ಮಾಡುವ ಅನಿತಾಗೆ ಒಂದು ಸಾಲು ತಿದ್ದುವ ಯೋಗ್ಯತೆ ಇಲ್ಲವೇ, ಅಥವಾ ಆ ಯೋಗ್ಯತೆ ಇಲ್ಲದ್ದು ತಾವು ಕೊಂಡ ಜಾಲತಾಣಕ್ಕೋ? ಶಿಬಿರದ ಊರು ಗೊತ್ತಿರುವವರು ಒಬ್ಬರು, ಅದನ್ನು ಬರೆಯಬಲ್ಲವರು ಇನ್ನೊಬ್ಬರು. ಇದು ಯಾವ ಸೀಮೆಯ ಆಡಳಿತ?

ಹೊಸ ಜಾಲತಾಣಕ್ಕೆ ಟೆಂಡರ್ ಕರೆದಿದ್ದೀರೆಂದು ಪತ್ರಿಕೆಯಲ್ಲಿ ಓದಿದೆ. ನನ್ನ ಬೇಡಿಕೆ ಇಷ್ಟೇ. ಸಹಿ ಹಾಕುವ ಮೊದಲು ಅನಿತಾಳಂಥ ನೌಕರರೊಬ್ಬರನ್ನು ಕಂಪ್ಯೂಟರ್ ಮುಂದೆ ಕೂರಿಸಿ. ಒಂದು ಶಿಬಿರದ ಊರು ಬದಲಿಸಲು ಹೇಳಿ. ಯಾರಿಗೂ ಫೋನ್ ಮಾಡದೆ, ಯಾರ ಅಪ್ಪಣೆಗೂ ಕಾಯದೆ, ವಾಟ್ಸಾಪಿನಲ್ಲಿ ಬರೆದಷ್ಟೇ ಸಲೀಸಾಗಿ ಅವರು ಬದಲಿಸಿದರೆ ಕೊಳ್ಳಿ. ಆಗದಿದ್ದರೆ ಕಂಪನಿಯವರನ್ನು ಎಬ್ಬಿಸಿ ಕಳುಹಿಸಿ. ಅಲ್ಲಿಯವರೆಗೆ, 'ಇದನ್ನು ನಂಬಿ ಮನೆ ಬಿಡಬೇಡಿ' ಎಂದು ಈಗಿನ ಪುಟದ ನೆತ್ತಿಯ ಮೇಲೆ ಬರೆಸಿ. ಅಷ್ಟನ್ನು ಬರೆಯಲಾದರೂ ತಮ್ಮ ಕಂಪನಿಗೆ ಪುರಸೊತ್ತು ಸಿಕ್ಕೀತೇ?

ಇಂತಿ,
ತಮ್ಮ ಮಾತನ್ನು ಊರಿಗೆ ಓದಿ ಹೇಳಿ ತಲೆ ತಗ್ಗಿಸಿದ
ಯಮುನಾ, ಕಂದಿಕೆರೆ